ಬಡಗಿಯ ಕೈ

ಜೀವನು ಕರ್ತೃವೋ ಅಲ್ಲವೋ ಎಂಬ ಪ್ರಶ್ನೆಯನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವಿಚಾರಕ್ಕೆ ತೆಗೆದುಕೊಂಡ ಬಾದರಾಯಣರು, ಆ ಗಹನವಾದ ಚರ್ಚೆಯ ನಡುವೆ ದೃಷ್ಟಾಂತಕ್ಕಾಗಿ ಋಷಿಯನ್ನಾಗಲಿ ರಾಜನನ್ನಾಗಲಿ ಕರೆಯದೆ, ಒಬ್ಬ ಬಡಗಿಯನ್ನು ಕರೆತಂದು ನಿಲ್ಲಿಸುತ್ತಾರೆ. ಆ ಬಡಗಿಗೆ ಎರಡು ಪ್ರಕಾರಗಳುಂಟೆಂದು ಸೂಚಿಸಿ ಸೂತ್ರವು ಮುಂದಕ್ಕೆ ಸಾಗುತ್ತದೆ. ಆ ಪ್ರಕಾರಗಳು ಯಾವುವೆಂದು ಬಿಡಿಸಿ ಹೇಳುವ ಭಾರವು ಭಾಷ್ಯಕಾರರ ಮೇಲೆ ಬಿದ್ದಿತು. ಬಾಚಿಯೇ ಮೊದಲಾದ ಸಲಕರಣೆಗಳನ್ನು ಹಿಡಿದು ದುಡಿಯುವಾಗ ಬಡಗಿಯು ಕರ್ತೃವೂ ದುಃಖಿಯೂ ಆಗಿರುತ್ತಾನೆ, ಅವುಗಳನ್ನು ಕೆಳಗಿಟ್ಟು ಮನೆಗೆ ಬಂದು ಕುಳಿತಾಗ ಸ್ವಸ್ಥನೂ ಸುಖಿಯೂ ಆಗುತ್ತಾನೆ, ಅದೇ ರೀತಿಯಲ್ಲಿ ಆತ್ಮನು ಉಪಾಧಿಗಳ ಸಂಬಂಧದಿಂದ ಮಾತ್ರ ಕರ್ತೃವೇ ಹೊರತು ಸ್ವರೂಪದಿಂದಲ್ಲ ಎಂದು ಶಂಕರರು. ಸಲಕರಣೆಗಳೆಲ್ಲವೂ ಕೈಯಳತೆಯಲ್ಲಿದ್ದರೂ ಬಡಗಿಯು ಇಚ್ಛೆಯಾದಾಗ ಮಾಡುತ್ತಾನೆ, ಇಚ್ಛೆಯಿಲ್ಲದಾಗ ಮಾಡನು, ಚೇತನನ ಕರ್ತೃತ್ವಕ್ಕೆ ಈ ಇಚ್ಛೆಯೇ ಗುರುತು ಎಂದು ರಾಮಾನುಜರು. ಬಡಗಿಯಿಂದ ಮಾಡಿಸುವವನು ಒಬ್ಬನಿರುತ್ತಾನೆ, ಹಾಗಿದ್ದರೂ ಮಾಡುವವನು ಬಡಗಿಯೇ, ಜೀವನ ಕರ್ತೃತ್ವವೂ ಪರಾಧೀನವಾಗಿದ್ದು ಸತ್ಯವಾದದ್ದು ಎಂದು ಮಧ್ವರು.

ಈ ಅಧಿಕರಣವನ್ನು ನಾನು ಎಳೆಯ ವಯಸ್ಸಿನಲ್ಲಿಯೇ ಪಾಠವಾಗಿ ಕೇಳಿದ್ದೆ. ಮೂರು ಮತಗಳ ಪೂರ್ವೋತ್ತರ ಪಕ್ಷಗಳನ್ನು ಒಪ್ಪಿಸುವಷ್ಟು ಬಾಯಿಪಾಠವೂ ಇತ್ತು. ಆದರೆ ಮೂವರು ಆಚಾರ್ಯರ ಬಡಗಿಗೂ ಎರಡು ಗಟ್ಟಿಮುಟ್ಟಾದ ಕೈಗಳಿವೆ ಎಂಬ ಸಂಗತಿಯು, ಅದು ಎಷ್ಟೇ ಎದುರಿಗಿದ್ದರೂ, ಅರುವತ್ತು ದಾಟುವವರೆಗೆ ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಹೊಳೆಯಿಸಿದವರು ನಮ್ಮೂರಿನ ಬಡಗಿ. ನಮ್ಮ ಕಡೆ ಬಡಗಿಯನ್ನು ಆಚಾರ್ರೇ ಎಂದು ಕರೆಯುವುದು ವಾಡಿಕೆ. ಭಾಷ್ಯ ಬರೆದವರಿಗೂ ಬಾಗಿಲು ಮಾಡುವವರಿಗೂ ಜನರ ಬಾಯಲ್ಲಿ ಒಂದೇ ಬಿರುದು ಸಲ್ಲುವುದನ್ನು ನಾನು ಗೌರವದಿಂದಲೇ ಗಮನಿಸಿದ್ದೇನೆ. ಭಾಷ್ಯದಲ್ಲಿ ಬರುವ ವಾಸಿಯೂ ಆಚಾರ್ರ ಚೀಲದೊಳಗಿನ ಬಾಚಿಯೂ ಒಂದೇ ಶಬ್ದ, ಒಂದೇ ವಸ್ತು.

ಕಪಾಟಿನ ಬಾಗಿಲಿಗೆ ಗಾಜು ಕೂರಿಸುತ್ತಿದ್ದಾಗ ಹಲಗೆಗಾಜು ಹಿಡಿದ ಕೈಯಲ್ಲಿಯೇ ಸೀಳಿ, ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳುಗಳ ಬುಡವು ಒಳಭಾಗದಲ್ಲಿ ಆಳವಾಗಿ ಕುಯ್ದುಹೋಯಿತು. "ಕೈ ನರ ಹೋಯ್ತು ರಾಯರೇ" ಎಂದು ಅವರು ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಹೇಳಿದರು. ನಮ್ಮ ಜನರು ನರ ಎನ್ನುವ ಒಂದೇ ಮಾತಿನಲ್ಲಿ ಎರಡು ವಸ್ತುಗಳನ್ನು ಅಡಗಿಸುತ್ತಾರೆ: ಬೆರಳನ್ನು ಎಳೆಯುವ ಬಿಳಿಯ ಹುರಿಯಂಥ ಸ್ನಾಯುರಜ್ಜು ಒಂದು, ಸ್ಪರ್ಶವನ್ನು ಮೆದುಳಿಗೆ ಒಯ್ಯುವ ತಂತು ಇನ್ನೊಂದು. ಆಚಾರ್ರ ಕೈಯಲ್ಲಿ ಎರಡೂ ತುಂಡಾಗಿದ್ದುವು. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿರದೆ ಮುಂಗೈಯಲ್ಲಿ ಇರುತ್ತವೆ. ಅಲ್ಲಿಂದ ಹೊರಟ ರಜ್ಜುಗಳು ಮಣಿಕಟ್ಟನ್ನು ದಾಟಿ, ಅಂಗೈಯ ಕೊನೆಯಲ್ಲಿ ಒಂದು ಇಕ್ಕಟ್ಟಾದ ಕೊಳವೆಯನ್ನು ಹೊಕ್ಕು, ಬೆರಳಿಗೆ ಎರಡೆರಡರಂತೆ ಒಂದರ ಮೇಲೊಂದು ಜಾರುತ್ತ, ಗಿಣ್ಣುಗಳವರೆಗೆ ಹೋಗಿ ತಗಲಿಕೊಳ್ಳುತ್ತವೆ. ಗಾಯವಾಗಿದ್ದುದು ಸರಿಯಾಗಿ ಆ ಇಕ್ಕಟ್ಟಿನಲ್ಲಿ. 1944ರಲ್ಲಿ ಹಸ್ತಶಸ್ತ್ರಚಿಕಿತ್ಸೆಯ ಮಹಾಗ್ರಂಥವನ್ನು ಪ್ರಕಟಿಸಿದ ಅಮೆರಿಕದ ಸ್ಟರ್ಲಿಂಗ್ ಬನೆಲ್ ಅವರು ಈ ಭಾಗವನ್ನು ಯಾರಿಗೂ ಸೇರದ ನೆಲವೆಂದು ಕರೆದು, ಇಲ್ಲಿ ತುಂಡಾದ ರಜ್ಜುವನ್ನು ಕೂಡಲೇ ಹೊಲಿಯುವ ಸಾಹಸವೇ ಬೇಡ, ಚರ್ಮವನ್ನು ಮುಚ್ಚಿ ಮುಂದೆ ಬೇರೆ ರಜ್ಜುವನ್ನು ತಂದು ಕಸಿಮಾಡುವುದೇ ಮೇಲು ಎಂದು ಬೋಧಿಸಿದರು.

ಅವರ ಭಯಕ್ಕೆ ಕಾರಣವಿತ್ತು. ಹೊಲಿದ ರಜ್ಜುವನ್ನು ಅಲುಗಾಡಿಸದೆ ಇಟ್ಟರೆ ಅದು ತನ್ನ ಕೊಳವೆಯ ಗೋಡೆಗೆ ಅಂಟಿಕೊಂಡು ಬೆರಳು ಮರದ ತುಂಡಿನಂತೆ ಬಿಗಿಯುತ್ತದೆ. ಅಂಟದಿರಲೆಂದು ಬಲವಾಗಿ ಎಳೆದರೆ ಹೊಲಿಗೆಯೇ ಹರಿದುಹೋಗುತ್ತದೆ. ಸುಮ್ಮನಿರುವುದೂ ಕೇಡು, ಪ್ರಯತ್ನಿಸುವುದೂ ಕೇಡು. ಈ ಉಭಯಸಂಕಟದಿಂದ ಹೊರಬರುವ ದಾರಿಯೊಂದನ್ನು 1960ರ ದಶಕದಲ್ಲಿ ಕೆಂಟಕಿಯ ಹ್ಯಾರಲ್ಡ್ ಕ್ಲೈನರ್ಟ್ ಮತ್ತು ಅವರ ಸಂಗಡಿಗರು ತೋರಿದರು; ಸಾಧನವೋ ಒಂದು ರಬ್ಬರ್ ಬ್ಯಾಂಡು. ಮಣಿಕಟ್ಟು ಮತ್ತು ಬೆರಳುಗಳು ಒಳಕ್ಕೆ ಬಾಗಿರುವಂತೆ ಕೈಯ ಹಿಂಬದಿಗೆ ಒಂದು ಪಟ್ಟಿಯನ್ನು ಕಟ್ಟಿ, ಉಗುರಿನ ಮೇಲೊಂದು ಕೊಕ್ಕೆಯನ್ನು ಅಂಟಿಸಿ, ಅದರಿಂದ ಮಣಿಕಟ್ಟಿನ ಕಡೆಗೆ ರಬ್ಬರನ್ನು ಎಳೆದು ಸಿಕ್ಕಿಸುತ್ತಾರೆ. ರೋಗಿಯು ಪಟ್ಟಿಯ ಮೇರೆಯವರೆಗೆ ಬೆರಳನ್ನು ತನ್ನ ಶಕ್ತಿಯಿಂದ ಬಿಚ್ಚಬೇಕು; ಬಿಚ್ಚಿದ ಮೇಲೆ ಬಿಟ್ಟುಬಿಡಬೇಕು. ಆಗ ರಬ್ಬರೇ ಬೆರಳನ್ನು ಮಡಿಸುತ್ತದೆ. ಹೊಲಿದ ರಜ್ಜುವು ತಾನು ದುಡಿಯದೆಯೇ ಕೊಳವೆಯಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಇಂದು ಇದಕ್ಕಿಂತ ಬೇರೆಯಾದ ಕ್ರಮಗಳೂ ಬಂದಿವೆ. ಆಚಾರ್ರಿಗೆ ದೊರೆತದ್ದು ಈ ರಬ್ಬರಿನ ಕ್ರಮವೇ.

ದಿನವೆಲ್ಲ ಗಂಟೆಗೊಮ್ಮೆ ಬಿಚ್ಚುವುದು, ಬಿಡುವುದು; ಬಿಚ್ಚುವುದು, ಬಿಡುವುದು. ಅವರ ಮನೆಯ ಚಾವಡಿಯಲ್ಲಿ ಎದುರಿಗೆ ಕುಳಿತು ಆ ಕ್ರಿಯೆಯನ್ನು ನೋಡುತ್ತಿದ್ದಾಗ ನನಗೆ ಆ ಹಳೆಯ ಅಧಿಕರಣವು ಎದ್ದು ಬಂದಂತಾಯಿತು. ಬೆರಳು ಬಿಚ್ಚುವಾಗ ಮಾಡುವವರು ಆಚಾರ್ರು. ಮಡಿಯುವಾಗ ಮಾಡುವುದು ಯಾರು? ರಬ್ಬರು ಎಂದರೆ ಅರ್ಧಸತ್ಯವಾದೀತು. ಅದೇಕೆಂದರೆ ಅವರು ಮೊದಲು ಬಿಚ್ಚದಿದ್ದರೆ ರಬ್ಬರಿಗೆ ಮಡಿಸಲು ಏನೂ ಇರುತ್ತಿರಲಿಲ್ಲ, ಮತ್ತು ಅವರು ತಾವಾಗಿ ಬಿಟ್ಟುಕೊಡದಿದ್ದರೆ ಅದು ತನ್ನ ಕೆಲಸವನ್ನು ಮಾಡಲಾರದು. ಮಾಡುವುದೂ ಅವರದೇ, ಮಾಡಿಸಿಕೊಳ್ಳುವುದೂ ಅವರದೇ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವಾದದ್ದು. ನಲುವತ್ತು ವರ್ಷ ಕೊಡಲಿಪೆಟ್ಟಿನಿಂದ ಹಿಡಿದು ಸೂಕ್ಷ್ಮವಾದ ಕೆತ್ತನೆಯವರೆಗೆ ಎಲ್ಲವನ್ನೂ ತನ್ನ ತೋಳಿನ ಬಲದಿಂದ ಸಾಧಿಸಿದ ಮನುಷ್ಯನಿಗೆ, ಈಗ ನೀನು ಬಲ ಹಾಕಕೂಡದು, ಬೆರಳು ಮಡಿಯುವುದಕ್ಕೆ ಎಡೆಗೊಡು ಎಂದು ಹೇಳುವುದು ಎಂಥ ಕಠಿನವಾದ ಉಪದೇಶವೆಂಬುದು ಅವರ ಹಣೆಯ ಬೆವರಿನಲ್ಲಿ ಕಾಣುತ್ತಿತ್ತು. ಪರಾಧೀನವಾದ ಕರ್ತೃತ್ವ ಎಂದು ಮಧ್ವರು ಹೇಳಿದಾಗ, ಅಧೀನವೆಂದ ಮೇಲೆ ಕರ್ತೃತ್ವವೆಲ್ಲಿಯದು ಎಂದು ಆಕ್ಷೇಪಿಸುವವರ ಪಕ್ಷದಲ್ಲಿ ನಾನು ಬಹುಕಾಲ ಇದ್ದೆ. ಆ ಚಾವಡಿಯಲ್ಲಿ ಆ ಆಕ್ಷೇಪವು ನನ್ನನ್ನು ಬಿಟ್ಟುಹೋಯಿತು. ಬಡಗಿಯ ದೃಷ್ಟಾಂತದ ತಾತ್ಪರ್ಯವು ಇಷ್ಟು ಸಮೀಪದಲ್ಲಿ, ಒಂದು ಗೇಣಿನಷ್ಟು ಜಾಗದಲ್ಲಿ ಕಣ್ಣಿಗೆ ಕಾಣುವಂತೆ ನಡೆಯುತ್ತಿರುವಾಗ ತರ್ಕವು ಮತ್ತೇನನ್ನು ಕೇಳಬೇಕು?

ಶಂಕರರ ಬಡಗಿಯ ವಿಷಯವೂ ಅಲ್ಲಿಯೇ ನನ್ನ ಮನಸ್ಸನ್ನು ಹಿಡಿಯಿತು. ಸಲಕರಣೆಗಳನ್ನು ಕೆಳಗಿಟ್ಟ ಬಡಗಿ ಸುಖಿಯೆಂದು ಭಾಷ್ಯ ಹೇಳುತ್ತದೆ. ಆಚಾರ್ರ ಬಾಚಿ, ಉಳಿ, ಗರಗಸಗಳು ಗೋಣಿಯಲ್ಲಿ ಸುತ್ತಿ ಅಟ್ಟ ಸೇರಿದ್ದುವು, ಆದರೆ ಅವರ ಮುಖದಲ್ಲಿ ಸುಖದ ಲೇಶವೂ ಇರಲಿಲ್ಲ. ಇಟ್ಟದ್ದಕ್ಕೂ ಕಳೆದುಕೊಂಡದ್ದಕ್ಕೂ ಇರುವ ಅಂತರವಿದು. ಶಂಕರರು ಇದನ್ನು ಅರಿಯದವರಲ್ಲ. ಆ ಭಾಷ್ಯದಲ್ಲಿಯೇ ಅವರು ದೃಷ್ಟಾಂತಕ್ಕೆ ಒಂದು ಮಿತಿಯನ್ನು ಹಾಕಿದ್ದಾರೆ: ಬಡಗಿಯು ಬಾಚಿಯನ್ನು ಎತ್ತಿಕೊಳ್ಳುವುದಕ್ಕೂ ಇಡುವುದಕ್ಕೂ ಅವನಿಗೆ ಕೈಗಳಿವೆ, ಮನಸ್ಸೇ ಮೊದಲಾದ ಕರಣಗಳನ್ನು ಹಾಗೆ ಎತ್ತುವುದಕ್ಕೂ ಇಡುವುದಕ್ಕೂ ಆತ್ಮನಿಗೆ ಅಂಥ ಅವಯವಗಳಿಲ್ಲ ಎಂಬುದು ಅವರ ಅಭಿಪ್ರಾಯ. ಈ ಮಿತಿಯನ್ನು ಪಾಠದಲ್ಲಿ ನಾವು ಬೇಗನೆ ದಾಟಿಹೋಗುತ್ತಿದ್ದೆವು. ಕೈಯೇ ಹೋದ ಬಡಗಿಯ ಎದುರಿಗೆ ಕುಳಿತವನಿಗೆ ಅದನ್ನು ದಾಟುವುದು ಸಾಧ್ಯವಿಲ್ಲ. ಬಾಚಿಯನ್ನು ಇಡುವುದಕ್ಕೆ ಕೈ ಬೇಕು. ಕೈಯನ್ನು ಇಡುವುದಕ್ಕೆ ಏನು ಬೇಕು? ಅದನ್ನು ತಿರುಗಿ ಎತ್ತಿಕೊಳ್ಳುವುದಕ್ಕೆ ಏನು ಬೇಕು?

6 ವಾರಗಳ ತರುವಾಯ ಪಟ್ಟಿಯನ್ನು ಬಿಚ್ಚಿದ ದಿನ ನಾನೂ ಜೊತೆಗೆ ಹೋಗಿದ್ದೆ. ಚಿಕಿತ್ಸೆಯ ಕೋಣೆ ದೊಡ್ಡದಲ್ಲ. ಒಂದು ಉದ್ದನೆಯ ಮೇಜು, ಕರಗಿದ ಮೇಣದ ತೊಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪುಗಳು, ಹಿಚುಕುವುದಕ್ಕೆ ಬಣ್ಣದ ಹಿಟ್ಟು, ಒಂದು ತಟ್ಟೆಯಲ್ಲಿ ರಾಗಿ, ಇನ್ನೊಂದರಲ್ಲಿ ಹುರುಳಿ. ಚಿಕಿತ್ಸಕಿ ಇಪ್ಪತ್ತೈದು ದಾಟಿರದ ಹುಡುಗಿ. ಆರು ವಾರಗಳ ಬೆವರು ಸುಲಿದು ಬಿಳಿಚಿಕೊಂಡಿದ್ದ ಆ ಕೈಯನ್ನು ಆಕೆ ತನ್ನ ಎಡಗೈಯ ಮೇಲೆ ಮಲಗಿಸಿಕೊಂಡು, ಉಂಗುರಬೆರಳಿನ ನಡುಗಿಣ್ಣನ್ನು ಎರಡು ಬೆರಳುಗಳಿಂದ ಭದ್ರವಾಗಿ ಹಿಡಿದು, "ಕೊನೇ ಗಿಣ್ಣು ಮಾತ್ರ ಮಡಿಸಿ ಆಚಾರ್ರೇ" ಎಂದಳು. ಗಿಣ್ಣು ಅಲುಗಲಿಲ್ಲ. ಆಚಾರ್ರ ಭುಜ ಎದ್ದಿತು, ದವಡೆ ಬಿಗಿಯಿತು, ಎಡಗೈಯ ಉಂಗುರಬೆರಳು ತಾನಾಗಿ ಮಡಿಯಿತು. ಬಲಗೈಯದು ಹಾಗೆಯೇ ಇತ್ತು.

"ಮಡಿಚು ಅಂತ ಹೇಳ್ತಾನೇ ಇದೀನಿ ತಾಯೀ. ಅದು ಕೇಳಿಸ್ಕೊಳ್ತಾನೇ ಇಲ್ಲ."

"ಜೋರು ಮಾಡ್ಬೇಡಿ. ಹೇಳಿದ್ದು ಅದಕ್ಕೆ ಮರೆತುಹೋಗಿದೆ, ಅಷ್ಟೆ. ಇನ್ನೊಂದ್ಸಲ ನಿಧಾನಕ್ಕೆ."

ಹೀಗೆ ಏಳೆಂಟು ಸಲ ಆದ ಮೇಲೆ ಆ ಗಿಣ್ಣು, ಒಂದು ಅಕ್ಕಿಕಾಳಿನ ದಪ್ಪದಷ್ಟು, ಒಳಕ್ಕೆ ಸರಿಯಿತು. ಆಚಾರ್ರು ಮಾತಾಡಲಿಲ್ಲ, ಕಣ್ಣು ತುಂಬಿಕೊಂಡು ಆ ಹುಡುಗಿಯ ಮುಖವನ್ನು ನೋಡಿದರು. ಇಚ್ಛೆಯೇ ಕರ್ತೃತ್ವದ ಗುರುತೆಂದು ರಾಮಾನುಜರು ಹೇಳಿದ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಇಚ್ಛೆಯು ತನ್ನ ಕೈಯನ್ನು ತಲುಪುವ ಹಾದಿ ಒಮ್ಮೆ ಮುಚ್ಚಿಹೋದರೆ ಅದನ್ನು ತೆರೆಯುವುದಕ್ಕೆ ಆ ಇಚ್ಛೆಯೊಂದೇ ಸಾಲದೆಂಬುದನ್ನೂ, ಇನ್ನೊಬ್ಬರ ಕೈ ಬಂದು ಗಿಣ್ಣನ್ನು ಹಿಡಿದುಕೊಳ್ಳಬೇಕೆಂಬುದನ್ನೂ ಅಂದು ಕಂಡೆನು. ನನ್ನ ಕೈ ಎಂದು ನಾವು ನಿರಾಯಾಸವಾಗಿ ಆಡುವ ಮಾತಿನಲ್ಲಿ, ಶೈಶವದಲ್ಲಿ ತಾಯಿ ಬೆರಳು ಹಿಡಿಸಿದ್ದು, ಮರಳಿನ ಮೇಲೆ ಅಕ್ಷರ ತೀಡಿಸಿದ ಉಪಾಧ್ಯಾಯರು ಕೈಮೇಲೆ ಕೈಯಿಟ್ಟದ್ದು, ಇವೆಲ್ಲವೂ ಅಡಗಿವೆ. ನಾವು ಮರೆತಿರುತ್ತೇವೆ, ಆ ಕೋಣೆಯಲ್ಲಿ ಮರೆವು ಹರಿಯುತ್ತದೆ.

ಸ್ಪರ್ಶದ ಕಥೆ ಇದಕ್ಕಿಂತ ನಿಧಾನವಾದದ್ದು. ಹೊಲಿದ ತಂತುವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತ ಹೋಗುತ್ತದೆ. ಬೆರಳಿನ ಬುಡದಿಂದ ತುದಿಯನ್ನು ಮುಟ್ಟುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಮತ್ತು ಮುಟ್ಟಿದ ಮೇಲೆ ಅದು ಮೆದುಳಿಗೆ ಒಯ್ಯುವ ಸುದ್ದಿಯು ಹಿಂದಿನಂತಿರುವುದಿಲ್ಲ. ನಯವಾದದ್ದು ಮುಳ್ಳಿನಂತೆ, ತಣ್ಣನೆಯದು ಉರಿಯಂತೆ ತೋರಬಹುದು. ಆದಕಾರಣ ಮೊದಲು ಕಣ್ಣು ತೆರೆದು ವಸ್ತುವನ್ನು ನೋಡುತ್ತ ಮುಟ್ಟಬೇಕು, ಬಳಿಕ ಕಣ್ಣು ಮುಚ್ಚಿ ಅದನ್ನೇ ಮುಟ್ಟಬೇಕು. ಕಣ್ಣು ಕೈಗೆ ಪಾಠ ಹೇಳಬೇಕು. ಆಸ್ಪತ್ರೆಯವರು ಕೊಟ್ಟ ಬಟ್ಟೆಯ ತುಂಡುಗಳಲ್ಲಿ ಆಚಾರ್ರಿಗೆ ಶ್ರದ್ಧೆ ಹುಟ್ಟಲಿಲ್ಲ. ಅವರು ಮನೆಯಿಂದ ಮರದ ಚೆಕ್ಕೆಗಳನ್ನು ಚೀಲದಲ್ಲಿ ತಂದರು. ಹೊನ್ನೆ, ಹಲಸು, ತೇಗ, ಬೀಟೆ. ಐದನೆಯ ತಿಂಗಳಿನಲ್ಲಿ ಒಂದು ದಿನ, ಕಣ್ಣುಮುಚ್ಚಿ ಕಿರುಬೆರಳಿನಿಂದ ಚೆಕ್ಕೆಯೊಂದನ್ನು ಎರಡು ಸಲ ಸವರಿ, ಹಲಸು ಎಂದರು. ಹಲಸೇ ಆಗಿತ್ತು.

ಸಾಂಖ್ಯರ ತತ್ತ್ವಗಣನೆಯಲ್ಲಿ ಕೈಯು ಕರ್ಮೇಂದ್ರಿಯಗಳ ಗುಂಪಿಗೆ, ಚರ್ಮವು ಜ್ಞಾನೇಂದ್ರಿಯಗಳ ಗುಂಪಿಗೆ ಸೇರಿದ್ದು. ಒಂದು ಮಾಡುವುದು, ಇನ್ನೊಂದು ಅರಿಯುವುದು. ವಿಂಗಡಣೆ ಶಾಸ್ತ್ರಕ್ಕೆ ಅನುಕೂಲವಾದದ್ದು. ಆದರೆ ಬೃಹದಾರಣ್ಯಕದಲ್ಲಿ ಜನಕನ ಸಭೆಯಲ್ಲಿ ಆರ್ತಭಾಗನು ಕೇಳಿದ ಪ್ರಶ್ನೆಗೆ ಯಾಜ್ಞವಲ್ಕ್ಯರು ಎಂಟು ಗ್ರಹಗಳನ್ನು, ಎಂದರೆ ಜೀವನನ್ನು ಹಿಡಿಯುವ ಎಂಟು ಹಿಡಿಗಳನ್ನು ಎಣಿಸುವಾಗ, ಹಸ್ತವನ್ನು ಹೇಳಿದೊಡನೆ ಅದರ ಮಗ್ಗುಲಿಗೇ ತ್ವಕ್ಕನ್ನು ಹೇಳುತ್ತಾರೆ. ಹಸ್ತವು ಕರ್ಮದಿಂದ, ತ್ವಕ್ಕು ಸ್ಪರ್ಶದಿಂದ ತಾವೇ ಹಿಡಿಯಲ್ಪಟ್ಟಿವೆ ಎನ್ನುತ್ತಾರೆ. ಈ ಎರಡನ್ನೂ ಒಂದರ ಪಕ್ಕದಲ್ಲೊಂದು ಇಟ್ಟ ಋಷಿದೃಷ್ಟಿಯೇ ಅನುಭವಕ್ಕೆ ಹತ್ತಿರವಾದದ್ದೆಂದು ನನ್ನ ಮತ. ಅರಿಯದ ಕೈ ಮಾಡಲಾರದು. ಮಾಡಹೊರಟರೆ ತನ್ನನ್ನೇ ನಾಶಮಾಡಿಕೊಳ್ಳುತ್ತದೆ.

ಇದಕ್ಕೆ ವೆಲ್ಲೂರಿಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಪಾದ್ರಿ ದಂಪತಿಗಳ ಮಗನಾಗಿ ಹುಟ್ಟಿ, ವೈದ್ಯವನ್ನು ಓದುವುದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಮರಗೆಲಸ, ಗಾರೆಗೆಲಸಗಳನ್ನು ಕಲಿತಿದ್ದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುತ್ತವೆಂಬುದೇ ಆಗಿನ ಸಾಮಾನ್ಯ ನಂಬಿಕೆ. ಸಂವೇದನೆಯನ್ನು ಕಳೆದುಕೊಂಡ ಕೈಯು ಬಿಸಿಪಾತ್ರೆಯನ್ನು ಹಿಡಿದು, ಒರಟಾದ ಹಿಡಿಯನ್ನು ಮಿತಿಮೀರಿ ಅದುಮಿ, ಆದ ಗಾಯವನ್ನು ಅರಿಯದೆ ಮರಳಿ ಅದನ್ನೇ ಬಳಸಿ ಹಾಳಾಗುತ್ತದೆಯೆಂಬುದನ್ನು ಬ್ರ್ಯಾಂಡರು ಮತ್ತು ಅವರ ಸಂಗಡಿಗರು ತಾಳ್ಮೆಯಿಂದ ಕಂಡುಹಿಡಿದರು. ನೋವನ್ನು ದೇವರ ಕೊಡುಗೆಯೆಂದು ಅವರು ಜೀವನದುದ್ದಕ್ಕೂ ಸಾರಿದ್ದು ಈ ಕಾಣ್ಕೆಯಿಂದ. ನೋವಿಲ್ಲದ ಸ್ಥಿತಿಯೇ ಪರಮಗತಿಯೆಂದು ಬಗೆಯುವ ನಮ್ಮಂಥವರು ಆ ಮಾತಿನ ಎದುರಿಗೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

1948ರಿಂದ ಅವರು ಮುಚ್ಚಿಹೋದ ಆ ಕೈಗಳನ್ನು ಶಸ್ತ್ರಕ್ರಿಯೆಯಿಂದ ತೆರೆಯತೊಡಗಿದರು. ನಿಶ್ಚೇಷ್ಟವಾದ ಸ್ನಾಯುವಿನ ಕೆಲಸಕ್ಕೆ ಸ್ವಸ್ಥವಾದ ಬೇರೊಂದರ ರಜ್ಜುವನ್ನು ತಿರುಗಿಸಿ ಜೋಡಿಸುವುದು ಈ ಕ್ರಮ. ಉಂಗುರಬೆರಳನ್ನು ಮಡಿಸುತ್ತಿದ್ದ ರಜ್ಜುಗಳಲ್ಲಿ ಒಂದನ್ನು ಹೆಬ್ಬೆರಳಿಗೆ ಹೊಲಿದಾಗ, ಉಂಗುರಬೆರಳನ್ನು ಮಡಿಸುವೆನೆಂದು ಸಂಕಲ್ಪಿಸಿದರೆ ಹೆಬ್ಬೆರಳು ಚಲಿಸುತ್ತದೆ! ಚಿಕಿತ್ಸಕರು ರೋಗಿಗೆ ಮೊದಮೊದಲು ಹಾಗೆಯೇ ಹೇಳಿಕೊಡುತ್ತಾರೆ. ವಾರಗಳ ಅಭ್ಯಾಸದ ತರುವಾಯ ಹಳೆಯ ಸಂಕಲ್ಪವು ಅಳಿದು ಹೆಬ್ಬೆರಳು ತನ್ನ ಹೆಸರಿಗೇ ಓಗೊಡುತ್ತದೆ. ಆದರೆ ವೆಲ್ಲೂರಿನಲ್ಲಿ ಬ್ರ್ಯಾಂಡರಿಗೆ ದೊಡ್ಡ ಪೆಟ್ಟು ಬಿದ್ದುದು ಇಲ್ಲಿ ಅಲ್ಲ. ಸರಿಹೋದ ಕೈಗಳೊಡನೆ ಊರಿಗೆ ಹೋದ ಕೆಲವರು, ಈ ಕೈಗಳನ್ನು ಒಡ್ಡಿದರೆ ಭಿಕ್ಷೆ ಹುಟ್ಟುವುದಿಲ್ಲ, ಕೆಲಸ ಕೊಡುವವರೂ ಇಲ್ಲ ಎಂದು ಹಿಂದಿರುಗಿ ಬಂದರು. ಕರ್ಮಸಿದ್ಧಿಗೆ ಕರ್ತೃವೂ ಕರಣವೂ ಸಾಲವು, ಅಧಿಷ್ಠಾನವೂ ಚೇಷ್ಟೆಯೂ ದೈವವೂ ಕೂಡಬೇಕೆಂದು ಗೀತೆಯ ಕೊನೆಯ ಅಧ್ಯಾಯವು ಎಣಿಸುವುದನ್ನು ನಾವು ಓದಿದ್ದೇವೆ. ಆ ಎಣಿಕೆಯಲ್ಲಿ ಅಧಿಷ್ಠಾನವೆಂದರೆ ಶರೀರವೆಂದು ಭಾಷ್ಯಕಾರರು ಹೇಳುತ್ತಾರೆ. ಕೈಗೆ ಆಶ್ರಯವಾಗಬೇಕಾದ ಊರು, ಅಂಗಡಿ, ನೆರೆಹೊರೆಗಳನ್ನೂ ಅದರೊಳಗೆ ಸೇರಿಸಿಕೊಳ್ಳಬೇಕೆಂದು ನಾನು ವಿನಯದಿಂದ ಹೇಳಬಯಸುತ್ತೇನೆ. ಬ್ರ್ಯಾಂಡರು ಮಾಡಿದ್ದು ಅದನ್ನೇ. ಆಸ್ಪತ್ರೆಯ ಬಳಿಯಲ್ಲಿ ನವಜೀವನದ ಕೇಂದ್ರವೊಂದು ನಿಂತಿತು; ಶಸ್ತ್ರಕ್ರಿಯೆಯಾದವರು ಅಲ್ಲಿ ವಾಸಮಾಡುತ್ತ, ತಮ್ಮ ಹೊಸ ಕೈಗಳಿಂದ ಮರಗೆಲಸ ಕಲಿತು ಆಟಿಕೆಗಳನ್ನು ಮಾಡಿದರು.

ಇಷ್ಟು ಹೇಳಿದ ಮೇಲೆ ಒಂದು ವಿಷಯದಲ್ಲಿ ನನ್ನ ಮನಸ್ಸಿನ ನೋವನ್ನು ಮುಚ್ಚಿಡಲಾರೆ. ಆಚಾರ್ರ ಕೈಯನ್ನು ನೋಡಲು ಬಂದವರಲ್ಲಿ ಹಲವರು, ಎಲ್ಲರ ಎದುರಿಗೆ, ಅವರ ಹೆಂಡತಿ ಮಕ್ಕಳ ಎದುರಿಗೆ, "ಏನು ಮಾಡೋಕಾಗುತ್ತೆ, ಪ್ರಾರಬ್ಧ" ಎಂದು ಹೇಳಿ ಕಾಫಿ ಕುಡಿದು ಹೋದರು. ಒಬ್ಬ ಹಿರಿಯರು, ನಾನೇ ಮಾಡುವವನು ಎಂಬ ಅಹಂಕಾರವನ್ನು ಬಿಡಿಸುವುದಕ್ಕಾಗಿ ದೇವರು ಕೊಟ್ಟ ಶಿಕ್ಷೆ ಇದು ಎಂದು ವೇದಾಂತವನ್ನೂ ಹೇಳಿದರು. ಕರ್ಮಸಿದ್ಧಾಂತವನ್ನು ನಾನು ನಂಬುವವನು. ನಂಬುವುದರಿಂದಲೇ ಹೇಳುತ್ತೇನೆ, ಅದನ್ನು ಹೀಗೆ ಬಳಸುವ ಅಧಿಕಾರ ನಮಗಿಲ್ಲ. ಆರ್ತಭಾಗನ ಆ ಪ್ರಸಂಗವು ಹೇಗೆ ಮುಗಿಯುತ್ತದೆಂಬುದನ್ನು ನೆನೆಯಬೇಕು. ಸತ್ತ ಮನುಷ್ಯನ ಅಂಗಗಳೆಲ್ಲ ಅಗ್ನಿ, ವಾಯು, ಸೂರ್ಯ ಮೊದಲಾದವುಗಳಲ್ಲಿ ಸೇರಿಹೋದ ಮೇಲೆ ಅವನು ಎಲ್ಲಿರುತ್ತಾನೆ ಎಂದು ಆತನು ಕೇಳಿದಾಗ, ಯಾಜ್ಞವಲ್ಕ್ಯರು ಸಭೆಯಲ್ಲಿ ಉತ್ತರ ಹೇಳಲಿಲ್ಲ; ನಿನ್ನ ಕೈ ಕೊಡು ಎಂದು ಕೇಳಿ, ಇದು ಜನರ ನಡುವೆ ಆಡುವ ಮಾತಲ್ಲವೆಂದು ಅವನನ್ನು ಬೇರೆಡೆಗೆ ಕರೆದೊಯ್ದರು. ಅಲ್ಲಿ ಅವರಿಬ್ಬರು ಆಡಿದ್ದು ಕರ್ಮದ ವಿಷಯವೆಂದು ಉಪನಿಷತ್ತು ತಿಳಿಸುತ್ತದೆ. ಕರ್ಮದ ಮಾತನ್ನು ಮೊದಲು ಆಡಿದವರು ಕೇಳುವವನ ಕೈಯನ್ನು ಹಿಡಿದುಕೊಂಡು ಆಡಿದರು. ಹಿಡಿಯದೆ, ಚಾವಡಿಯ ನಡುವೆ ನಿಂತು, ಮಡಿಯದ ಬೆರಳಿನ ಮನುಷ್ಯನ ಮೇಲೆ ಅದನ್ನು ಎಸೆಯುವವರು ಯಾವ ಶ್ರುತಿಯನ್ನು ಅನುಸರಿಸುತ್ತಾರೆ?

ನಾನು ಕರ್ತೃವಲ್ಲ ಎಂಬ ಅರಿವು ಬಹು ಎತ್ತರದ್ದು. ಆದರೆ ಅದನ್ನು ಹೇಳಿಕೊಳ್ಳುವ ಹಕ್ಕು ತನ್ನ ವಿಷಯದಲ್ಲಿ ತನಗೆ ಮಾತ್ರ ಉಂಟು, ಅದೂ ಕೈಯಲ್ಲಿದ್ದ ಬಾಚಿಯನ್ನು ತಾನಾಗಿ ಕೆಳಗಿಡಬಲ್ಲವನಿಗೆ. ಇನ್ನೊಬ್ಬನ ಕೈಯ ವಿಷಯದಲ್ಲಿ ನಮಗೆ ಇರುವುದು ಆ ಹುಡುಗಿ ಮಾಡಿದ ಕೆಲಸವೊಂದೇ. ಗಿಣ್ಣನ್ನು ಹಿಡಿದುಕೊಂಡು, ಇನ್ನೊಂದು ಸಲ ಎನ್ನುವುದು.

ಆ ವರ್ಷದ ಆಯುಧಪೂಜೆಯ ಹೊತ್ತಿಗೆ ಆಚಾರ್ರ ಕೈಗೆ ಏಳನೆಯ ತಿಂಗಳು. ಅಟ್ಟದಿಂದ ಗೋಣಿ ಇಳಿಯಿತು. ಬಾಚಿ, ಉಳಿ, ಗರಗಸಗಳಿಗೆ ಎಂದಿನಂತೆ ಕುಂಕುಮ, ಚೆಂಡುಹೂವು. ಉಂಗುರಬೆರಳೂ ಕಿರುಬೆರಳೂ ಕೊನೆಯ ಗಿಣ್ಣಿನಲ್ಲಿ ಪೂರ್ತಿ ಮಡಿಯುವುದಿಲ್ಲ, ಇನ್ನು ಮಡಿಯುವ ಸಂಭವವೂ ಇಲ್ಲ. ಹಳೆಯ ಬಾಚಿಯ ಹಿಡಿಯು ಮುಷ್ಟಿಯೊಳಗೆ ಸಡಿಲವಾಗಿ ಆಡುತ್ತಿತ್ತು. ಹಿಡಿಯನ್ನು ದಪ್ಪಮಾಡಿಕೊಂಡರೆ ಕೈಗೆ ತುಂಬುತ್ತದೆಂದು ಚಿಕಿತ್ಸಕಿ ಹೇಳಿದ್ದಳಂತೆ. ಪೂಜೆಯ ಮರುದಿನ, ವಿಜಯದಶಮಿಯ ಬೆಳಿಗ್ಗೆ, ಅವರು ಹೊನ್ನೆಯ ತುಂಡೊಂದನ್ನು ತೆಗೆದುಕೊಂಡು, ಹಳೆಯದಕ್ಕಿಂತ ಅರ್ಧ ಅಂಗುಲ ದಪ್ಪನಾದ ಹಿಡಿಯೊಂದನ್ನು ತಾವೇ ಕೆತ್ತಿ ಬಾಚಿಗೆ ಕೂರಿಸಿದರು. ಈಗಲೂ ಅದರಲ್ಲಿಯೇ ಕೆಲಸಮಾಡುತ್ತಾರೆ.